ಎಂಟಿಲ್ಲದ ಎಣಿಕೆ, ಎಂಟೆದೆಯ ಅಕ್ಕ

ಬೆಳಗಿನ ಐದೂಕಾಲು. ಬ್ರೆಡ್ ಕಾರ್ಖಾನೆಯ ಹಿಟ್ಟು ನಾದುವ ಯಂತ್ರ ಜಪ್ಪಯ್ಯ ಅಂದರೂ ಅಲುಗುತ್ತಿಲ್ಲ. ಮ್ಯಾನೇಜರ್ ಗಡಿಯಾರ ನೋಡುತ್ತ ಶತಪಥ ಹಾಕುತ್ತಿದ್ದಾರೆ. ಹೊರಗಿನಿಂದ ಬಂದ ಎಂಜಿನಿಯರ್ ಲ್ಯಾಪ್‌ಟಾಪ್ ಮುಂದೆ ತಲೆ ಮೇಲೆ ಕೈಹೊತ್ತು ಕೂತಿದ್ದಾನೆ. ಕಾರ್ಖಾನೆಯ ಎಲೆಕ್ಟ್ರಿಷಿಯನ್ ಅಕ್ಕ ಮಾತ್ರ ಮಂಡಿಯೂರಿ, ಗೋಡೆಯ ಕಪಾಟಿನೊಳಗಿನ ಪುಟ್ಟ ಕೆಂಪು ದೀಪಗಳನ್ನು ಎಣಿಸುತ್ತಿದ್ದಾರೆ: "ಐದು, ಆರು, ಏಳು, ಹತ್ತು..."

ಅರೆ, ಎಂಟು, ಒಂಬತ್ತು ಎಲ್ಲಿ ಹೋದವು? ಯಂತ್ರವನ್ನು ನಡೆಸುವ ಪಿಎಲ್‌ಸಿ ಎಂಬ ಹಳೆಯ ಪುಟ್ಟ ಕಂಪ್ಯೂಟರ್ ಡಬ್ಬಿಗೆ ಆ ಎರಡು ಅಂಕಿಗಳೇ ಗೊತ್ತಿಲ್ಲ! ಸೊನ್ನೆಯಿಂದ ಏಳರವರೆಗೆ ಎಣಿಸಿ ನೇರ ಹತ್ತಕ್ಕೆ ಹಾರುತ್ತದೆ. ಹಾಗಾಗಿ ಅದರ 'ಹತ್ತು' ಎಂದರೆ ತಂತಿ ಬಿಗಿಯುವ ಸಾಲಿನಲ್ಲಿ ಒಂಬತ್ತನೆಯ ಸ್ಕ್ರೂ, ಒಂಬತ್ತನೆಯ ದೀಪ. ಇದನ್ನು ಹೇಳಿ ಹೇಳಿಯೇ ಆಕೆಗೆ 'ಎಂಟಿಲ್ಲದಕ್ಕ' ಎಂಬ ಹೆಸರು ಅಂಟಿದೆ. ಹಾಗೆ ಕೂಗಿದರೂ ನಗುತ್ತಲೇ ಓಗೊಡುತ್ತಾರೆ.

ಹತ್ತನೇ ತರಗತಿಗೆ ಓದು ನಿಲ್ಲಿಸಿ ಟ್ರೇ ತೊಳೆಯಲು ಬಂದವರು. ಹಳೆಯ ಮೇಸ್ತ್ರಿ ಬಿಟ್ಟುಹೋದ ಅರವತ್ತು ಹಾಳೆಗಳ ಪ್ರೋಗ್ರಾಂ ಕಟ್ಟನ್ನು ಊಟದ ಬಿಡುವಿನಲ್ಲೇ ಆರು ವರ್ಷ ಓದಿದರು. ಅಬ್ಬಾ, ಇಂದು ಮೂವತ್ತೆರಡು ತಂತಿಗಳೂ ಬಾಯಿಪಾಠ! ಆದರೂ ಹಿತ್ತಲ ಗಿಡ ಮದ್ದಲ್ಲ ನೋಡಿ. ನಿನ್ನೆ ಯಂತ್ರದ ಮುಚ್ಚಳದ ಸ್ವಿಚ್ ಕೆಟ್ಟಾಗ ಮ್ಯಾನೇಜರ್ ಕರೆಸಿದ್ದು ಹೊರಗಿನವನನ್ನು. ಮುಚ್ಚಳ ಮುಚ್ಚಿದೆ ಎಂದು ಆ ಸ್ವಿಚ್ಚಿನ ತಂತಿ 'ಹತ್ತರಲ್ಲಿ' ಹೇಳದಿದ್ದರೆ ಯಂತ್ರ ತಿರುಗುವುದಿಲ್ಲ.

"ಡಬ್ಬಿ ತಂತಿ ನೋಡ್ತಾ ಕೂರಲ್ಲ," ಎನ್ನುತ್ತಾರೆ ಅಕ್ಕ. "ಒಂದ್ಸಲ ಎಲ್ಲಾ ನೋಡಿ ನೆನಪಲ್ಲಿ ಬರ್ಕೊಳತ್ತೆ. ಆಮೇಲೆ ಆ ಬರಹಾನೇ ಅದಕ್ಕೆ ವೇದವಾಕ್ಯ. ಮತ್ತೆ ನೋಡತ್ತೆ, ಮತ್ತೆ ಬರ್ಕೊಳತ್ತೆ. ಕಣ್ಣು ಮಿಟುಕಿಸೋದ್ರಲ್ಲಿ ಎಷ್ಟೋ ಸಲ."

ಮ್ಯಾನೇಜರ್ ತಾಳ್ಮೆ ಮುಗಿದಿದೆ. "ನೋಡಮ್ಮ, ಡಬ್ಬಿ ನೆನಪಲ್ಲಿ ಆ ಹತ್ತರ ಜಾಗದಲ್ಲಿ 'ಮುಚ್ಚಿದೆ' ಅಂತ ನಾವೇ ಬರೆದುಬಿಡೋಣ. ಇವತ್ತೊಂದಿನ."

"ಆಗಲ್ಲ ಸರ್. ಆಮೇಲೆ ಮುಚ್ಚಳ ತೆಗೆದ್ರೂ ಮುಚ್ಚಿದೆ ಅಂತಾನೇ ನಂಬತ್ತೆ. ಅಲ್ಲಿ ಕೈಹಾಕಿ ಹಿಟ್ಟು ಕೆರೆಯೋಳು ನನ್ನ ನಾದಿನಿ."

"ನಿಂಗೆ ಕೆಲಸ ಬೇಕೋ ಬೇಡ್ವೋ?"

"ಬೇಕು ಸರ್. ಅವಳಿಗೆ ಕೈನೂ ಬೇಕು."

ಎಂಟೆದೆ ಎಂದರೆ ಇದೇ ಇರಬೇಕು. ಮಾತು ಮುಗಿಸಿ ಮತ್ತೆ ದೀಪಗಳತ್ತ ಬಾಗುತ್ತಾರೆ. ಮುಚ್ಚಳ ಮುಚ್ಚಿದಾಗ ಹೊತ್ತಬೇಕಾದದ್ದು ಒಂಬತ್ತನೆಯ ದೀಪ, ಹೊತ್ತಿರುವುದು ಹನ್ನೊಂದನೆಯದು. ಪಕ್ಕದ ಅಂಕಿಗಳು ಒರೆಸಿ ಒರೆಸಿ ಅಳಿಸಿಹೋಗಿವೆ. ಎಂಜಿನಿಯರ್ ಸೊನ್ನೆಯಿಂದ ನಮ್ಮ ನಿಮ್ಮ ಹಾಗೆ ಹತ್ತರವರೆಗೆ ಎಣಿಸಿ, ಹನ್ನೊಂದನೆಯ ಸ್ಕ್ರೂವಿಗೆ ಹೊಸ ತಂತಿ ಬಿಗಿದಿದ್ದಾನೆ. ಅಕ್ಕ ಕರೆಂಟ್ ತೆಗೆದು, ತಂತಿಯನ್ನು ಎರಡು ಸ್ಕ್ರೂ ಹಿಂದಕ್ಕೆ ತರುತ್ತಾರೆ. ಗುಂಡಿ ಒತ್ತಿದ್ದೇ ತಡ, ಯಂತ್ರ ತಿರುಗುತ್ತದೆ!

ಎಂಜಿನಿಯರ್ ಮುಖ ಸಪ್ಪಗಾಗಿದೆ. "ಅಕ್ಕಾ, ನಂಗೆ ಹೊಳೀಲೇ ಇಲ್ಲ."

"ಇಲ್ಲಿ ಎಲ್ರೂ ಒಂದ್ಸಲ ಎಡವ್ತಾರಪ್ಪ. ನಾನು ಮೂರು ಸಲ."

ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರೆ ಅಕ್ಕ ಬೇಕೆಂದೇ ಮುಚ್ಚಳ ಎತ್ತುತ್ತಾರೆ. ಯಂತ್ರ ಗಕ್ಕನೆ ನಿಲ್ಲುತ್ತದೆ. ಮುಚ್ಚುತ್ತಾರೆ, ಮತ್ತೆ ಎತ್ತುತ್ತಾರೆ. "ಸಾಕು ಅತ್ತಿಗೆ, ಹೊತ್ತಾಯ್ತು," ಎಂದು ನಾದಿನಿ ಗೊಣಗಿದರೂ ಐದು ಸಲ ನೋಡದೆ ಅವಳನ್ನು ಹತ್ತಿರ ಬಿಡುವುದಿಲ್ಲ.

ಗಂಟೆಗೆ ಎಷ್ಟು ಬ್ರೆಡ್ ಆಗುತ್ತದೆ ಎಂದು ಕೇಳಿದರೆ ಅಕ್ಕ ಕೈ ಆಡಿಸುತ್ತಾರೆ. "ಅದು ಮ್ಯಾನೇಜರ್ ಸಾಹೇಬ್ರ ಲೆಕ್ಕ. ನಾನು ಸಂಜೆ ಗೇಟಲ್ಲಿ ನಿಂತು ಎಲ್ರ ಬೆರಳು ನೋಡ್ತೀನಿ. ಇಪ್ಪತ್ತೆರಡು ವರ್ಷ ಆಯ್ತು, ಒಬ್ರದ್ದೂ ಒಂದೂ ಕಮ್ಮಿ ಆಗಿಲ್ಲ."