ರಾಜಶ್ರೀಗೆ ಬಿಟ್ಟ ಮೂಲೆ

ಸಿಂದಗಿಯಲ್ಲಿ ಚಂದವ್ವನ ರೊಟ್ಟಿ ಅಂಗಡಿಗೆ ಹೋಗಲು ಯಾರನ್ನೂ ದಾರಿ ಕೇಳಬೇಕಿಲ್ಲ. ಓಣಿಯ ಬಾಯಿಗೆ ಬಂದರೆ ರೊಟ್ಟಿ ಬಡಿಯುವ ಸಪ್ಪಳವೇ ಕೈಹಿಡಿದು ಕರೆದೊಯ್ಯುತ್ತದೆ. ಆ ಸಪ್ಪಳಕ್ಕಿಂತ ಜೋರು ಅಲ್ಲಿನ ಹೆಂಗಸರ ಮಾತು.

ಆ ಗದ್ದಲದೊಳಗೆ ರಾಜಶ್ರೀಯನ್ನು ಅವಳ ತಾಯಿ ಕರೆತಂದಳು. ಹುಡುಗಿ ಯಾರ ಮುಖವನ್ನೂ ನೋಡಲಿಲ್ಲ.

“ಡಾಕ್ಟರು ಆಟಿಸಂ ಅಂದಾರ್ರಿ. ರೋಗ ಅಲ್ಲಂತ, ಆಕಿ ಮನಸ್ಸ ಇರೋದ ಹಂಗಂತ. ಎಲ್ಲಿ ಕೆಲಸಕ್ಕ ಹಚ್ಚಿದ್ರೂ ಕಳಿಸಿಬಿಡ್ತಾರ. ಇಲ್ಲೂ ಬ್ಯಾಡಂದ್ರ ಇನ್ನ ಮನಿ ಬಿಟ್ಟು ಹೊರಗ ಬರಂಗಿಲ್ಲ ಅಂತಾಳ್ರಿ.”

“ರೊಟ್ಟಿ ಬಡಿಯಾಕ ಬರ್ತೈತೇನವ್ವಾ?” ಚಂದವ್ವ ಕೇಳಿದಳು.

“ಬರ್ತೈತಿ,” ಎಂದಳು ರಾಜಶ್ರೀ, ಹಂಚಿಗೆ ಹೇಳಿದಂತೆ.

ಕೆಲವು ದಿನ ಸುರಳೀತ ನಡೆಯಿತು. ಒಂದು ಶುಕ್ರವಾರ, ಜೊತೆಗೆ ರೊಟ್ಟಿ ಬಡಿಯುವ ಬಿಬಿಜಾನ ಪ್ರೀತಿಯಿಂದ ಮಲ್ಲಿಗೆ ತಂದು, ಹಿಂದಿನಿಂದ ಬಂದು ಅವಳ ಜಡೆಗೆ ಮುಡಿಸಿದಳು. ಉಳಿದವರು “ಮದವಿ ಯಾವಾಗ?” ಎಂದು ಚಪ್ಪಾಳೆ ತಟ್ಟಿ ನಕ್ಕರು. ರಾಜಶ್ರೀ ಚಿಟ್ಟನೆ ಚೀರಿ, ಹೂ ಕಿತ್ತೆಸೆದು, ಕಟ್ಟಿಗೆ ರಾಶಿಯ ಹಿಂದೆ ಕಿವಿ ಮುಚ್ಚಿ ಕುಳಿತಳು.

“ಹೂವ ಕಿತ್ತ ಒಗದ್ಲಲ್ಲ! ಏನ್ ಸೊಕ್ಕ ಬೇ!” ಬಿಬಿಜಾನಳ ಕಣ್ಣು ತುಂಬಿತು. “ಚಂದಕ್ಕಾ, ಆಕಿ ಇರಬೇಕು, ಇಲ್ಲಾ ನಾ ಇರಬೇಕು.”

ಚಂದವ್ವ ಕುರಿಗಾರರ ಮನೆತನದವಳು. ಮಂದೆಯ ನಡುವೆ ನಿಲ್ಲದ ಕುರಿಯನ್ನು ಅಪ್ಪ ಎಂದೂ ಹೊಡೆದು ಒಳಗೆ ನೂಕಿದವನಲ್ಲ. ಹಟ್ಟಿಯ ಅಂಚಿನಲ್ಲಿ ಅದಕ್ಕೆ ಜಾಗ ಬಿಡುತ್ತಿದ್ದ. ಅವಳು ಹೋಗಿ ಕಟ್ಟಿಗೆಯ ಆಚೆ, ತುಸು ದೂರ, ಸುಮ್ಮನೆ ಕುಳಿತಳು. ಮುಟ್ಟಲಿಲ್ಲ, ಕೇಳಲಿಲ್ಲ. ಹುಡುಗಿಯ ಕೈ ಕಿವಿಯಿಂದ ಇಳಿದ ಮೇಲೆ ಮೆಲ್ಲಗೆ, “ನಿನಗೇನ ಬೇಕ ಹೇಳವ್ವಾ,” ಎಂದಳು.

“ಬೆನ್ನಿಗಿ ಗ್ವಾಡಿ ಬೇಕ್ರಿ. ಹಿಂದಿಂದ ಯಾರೂ ಮುಟ್ಟಬಾರದು. ಎಲ್ಲಾರೂ ಒಮ್ಮೆಲೇ ಮಾತಾಡಿದ್ರ ತಲಿಯೊಳಗ ಗಿರಣಿ ಶುರು ಆಗತೈತಿ.”

“ಇಷ್ಟ ಹೌದಲ್ಲೋ!”

ಅವತ್ತೇ ಚಂದವ್ವ, ರಾಜಶ್ರೀಯ ಬೆನ್ನಿಗೆ ಗೋಡೆ ಬರುವಂತೆ, ಮೂಲೆಯಲ್ಲಿ ಒಲೆ ಹೂಡಿದಳು. ಬಿಬಿಜಾನಳಿಗೆ ಹೇಳಿದಳು: “ನಿನ್ನ ಪ್ರೀತಿ ಸುಳ್ಳಲ್ಲ ತಂಗಿ. ಆದ್ರ ಆಕಿಗಿ ಅದು ಕೆಂಡ ತಾಗಿದಂಗ ಆತು.” ರಾಜಶ್ರೀ ಹಿಟ್ಟಿನ ಕೈ ಎತ್ತಿದರೆ ಎಲ್ಲರೂ ತುಸು ಹೊತ್ತು ಮಾತು ನಿಲ್ಲಿಸಬೇಕು ಎಂದಾಯಿತು. ಬಿಬಿಜಾನ ಮುಖ ಊದಿಸಿಕೊಂಡೇ ಕೆಲಸದಲ್ಲಿ ಉಳಿದಳು.

ಶ್ರಾವಣದ ಗಿರಾಕಿ ಗದ್ದಲದಲ್ಲಿ ಒಂದು ದಿನ ಅದೇ ಬಿಬಿಜಾನ ಮಣೆ ಹಿಡಿದು ಮೂಲೆಗೆ ಬಂದು, ರಾಜಶ್ರೀಯ ಎದುರಿಗೇ ನಿಂತಳು.

“ತಲಿ ಸಿಡ್ಯಾಕತ್ತೈತಿ. ಇಲ್ಲಿ ಒಂದೀಟ ಕೂಡ್ಲೇನ?”

ರಾಜಶ್ರೀ ತನ್ನ ಮಣೆ ಸರಿಸಿದಳು. “ಕೂಡ್ರಿ. ಮಾತಾಡಬ್ಯಾಡ್ರಿ.”

ಬಿಬಿಜಾನ ಸೆರಗು ಬಾಯಿಗೊತ್ತಿ ನಗು ನುಂಗಿದಳು. ಗೋಡೆಗೆ ಬೆನ್ನು ಕೊಟ್ಟು ಇಬ್ಬರೂ ರೊಟ್ಟಿ ಬಡಿಯತೊಡಗಿದರು.