ಮೂರು ಗಂಟೆಯ ಮಳೆಗೆ ಜಾಮೀನು

ಹಾನಗಲ್ಲಿನಿಂದ ಹನ್ನೆರಡರ ಬಸ್ಸಿಗೆ ಹೊರಟೆ. ಹಿರೇಕೆರೂರಿನ ಶಾಲೆಯೊಂದರಲ್ಲಿ ಮೂರಕ್ಕೆ ಚರ್ಚಾಸ್ಪರ್ಧೆಯಿತ್ತು. ಬಾಹ್ಯಾಕಾಶಕ್ಕೆ ಇಷ್ಟು ದುಡ್ಡು ಸುರಿಯುವುದು ಸರಿಯೇ ಎಂಬುದು ವಿಷಯ. ಬಹಳ ವರ್ಷ ವಿಜ್ಞಾನ ಕಲಿಸಿದವನೆಂದು ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು. ನಾನು ತೀರ್ಪನ್ನು ಮನೆಯಲ್ಲೇ ಬರೆದುಕೊಂಡು ಹೊರಟಿದ್ದೆ: ಸರಿ, ನೂರಕ್ಕೆ ನೂರು ಸರಿ.

ತಿಳವಳ್ಳಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಗಿರಮಿಟ್ ಕಟ್ಟಿಸಿಕೊಂಡು ಬಂದೆ. ಪಕ್ಕದಲ್ಲಿ ಹಿರೇಕೆರೂರಿಗೆ ಹೊರಟ ಅಲ್ಲಿಯ ಹತ್ತಿ ವ್ಯಾಪಾರಿಯೊಬ್ಬರು ಬಂದು ಕೂತಿದ್ದರು. ನನ್ನ ಕೆಲಸ ಕೇಳಿ ನಕ್ಕರು.

"ಚಂದ್ರನ ಮ್ಯಾಲೆ ಹತ್ತಿ ಬೆಳಿತೈತೇನ್ರಿ ಮಾಸ್ತರ? ಆ ರೊಕ್ಕದಾಗ ಈ ರಸ್ತಾಕ ಡಾಂಬರ ಹಾಕಿದ್ರ ಆಗ್ತಿರಲಿಲ್ಲೇನು?"

ನಾನು ಬಿಡಲಿಲ್ಲ. ಉಪಗ್ರಹ, ಮೋಡದ ಚಿತ್ರ, ಫೋನಿಗೆ ಬರುವ ಮಳೆಯ ಸುದ್ದಿ, ಎಲ್ಲ ವಿವರಿಸಿದೆ. ಅವರು ನನ್ನದೇ ಗಿರಮಿಟ್ ತಿನ್ನುತ್ತ ತಾಳ್ಮೆಯಿಂದ ಕೇಳಿದರು.

ಚಿಕ್ಕೇರೂರು ದಾಟಿದ ಮೇಲೆ ಬಸ್ಸು ನಿಂತಿತು. ಅರ್ಧ ರಸ್ತೆಗೆ ಗೋವಿನಜೋಳದ ಕಾಳು ಒಣಗಲು ಹರವಿ, ಸುತ್ತ ಕಲ್ಲು ಇಟ್ಟಿದ್ದರು. ಉಳಿದರ್ಧದಲ್ಲಿ ಎದುರಿನಿಂದ ಲಾರಿ ಬರುತ್ತಿತ್ತು. ಕಾಳಿನ ನಡುವೆ ಅತ್ತೆ ಸೊಸೆ ಜಗಳಕ್ಕೆ ನಿಂತಿದ್ದರು. ಸೊಸೆ ರೇಣುಕಾ ಮೊಬೈಲ್ ತೋರಿಸುತ್ತಿದ್ದಳು.

"ಅತ್ತಿ, ಮೂರಕ್ಕ ಮಳಿ ಅಂತ ಬಂದೈತಿ. ರಾಶಿ ಮಾಡಿ ಮುಚ್ಚೂಣು."

"ಇಂಥಾ ಬಿಸಲಾಗ? ಹ್ವಾದ ವರ್ಷನೂ ಹಿಂಗ ಅಂದು ಹಸೀ ಕಾಳು ಚೀಲಕ್ಕ ತುಂಬಿಸಿದಿ, ಬೂಷ್ಟ ಹಿಡೀತು. ನಾಳೆ ದಲಾಲಿ ಬಂದು ಹಸಿ ಐತಿ ಅಂತ ಹೊಳ್ಳಿ ಹ್ವಾದ್ರ?" ಎಂದಳು ಅತ್ತೆ ನಿಂಗವ್ವ.

"ಹೇಳ್ರಿ ಮಾಸ್ತರ," ಎಂದು ವ್ಯಾಪಾರಿ ನನ್ನ ಮೊಳಕೈ ತಿವಿದರು. ನಾನು ಕಿಟಕಿಯಿಂದ ತಲೆ ಹಾಕಿ, "ಮುಚ್ಚಬೇ ಯವ್ವಾ, ಮಳಿ ಬರತೈತಿ," ಎಂದೆ.

"ಬಸ್ಸಿನಾಗ ಕುಂತು ಯಾರರ ಹೇಳ್ತಾರ. ಇಳೀರಿ. ಮಳಿ ಬರಲಿಲ್ಲಂದ್ರ ನೀವ ಹೊಳ್ಳಿ ಹರವಿ ಹೋಗ್ರಿ," ಎಂದಳು ನಿಂಗವ್ವ.

ಬಸ್ಸೆಲ್ಲ ನಕ್ಕಿತು. ನನಗೆ ಹಟ ಬಂತು, ಇಳಿದುಬಿಟ್ಟೆ. ತೀರ್ಪಿಗೆ ಬೇರೆಯವರನ್ನು ಕೂರಿಸಿಕೊಳ್ಳಿ ಎಂದು ಶಾಲೆಗೆ ಫೋನ್ ಮಾಡಿದೆ.

ಮೂವರೂ ಸೇರಿ ರಾಶಿ ಮಾಡಿ ತಾಡಪಾಲು ಮುಚ್ಚಿದೆವು. ಮುಚ್ಚುತ್ತ ಉಪಗ್ರಹದ ಕಥೆಯನ್ನು ಅವರಿಗೂ ಹೇಳಿದೆ. ನಿಂಗವ್ವ ಒಂದು ಕಾಳು ಕಚ್ಚಿ ನೋಡಿ, ನನಗೂ ಒಂದು ಕೊಟ್ಟಳು. ಒಣಗಿದ ಕಾಳು ಕಟ್ ಅನ್ನಬೇಕಂತೆ. ನನ್ನದು ಮೆತ್ತಗೆ ತಗ್ಗಿತು. ಆಮೇಲೆ ಅವಳು ಸೊಸೆಗೆ ಹೇಳಿದಳು: "ಕೆರಿ ಆಚೆ ಊರಾಗ ನಮ್ಮಕ್ಕನೂ ಹರವ್ಯಾಳ. ಅಕಿಗೂ ಒಂದು ಫೋನ್ ಹಚ್ಚು. ಮಾಸ್ತರು ಜಾಮೀನ ಅದಾರ ಅನ್ನು."

ಮೂರಾಯಿತು. ಸುಡುವ ಬಿಸಿಲು. ಜೀವಮಾನದಲ್ಲಿ ಅಷ್ಟು ಸಲ ನಾನು ಆಕಾಶ ನೋಡಿರಲಿಲ್ಲ. ಮೂರೂಕಾಲಿಗೆ ಕೆರೆಯಾಚೆ ಮೋಡ ಕಟ್ಟಿತು, ತಂಪು ಗಾಳಿ ಬಂತು, ಮಣ್ಣಿನ ವಾಸನೆಯೂ ಬಂತು. ಆಚೆ ದಂಡೆಯ ಮೇಲೆ ಮಳೆ ಸುರಿಯುವುದು ಚೆನ್ನಾಗಿ ಕಂಡಿತು. ನಮ್ಮ ಮೇಲೆ ಒಂದು ಹನಿ ಬೀಳಲಿಲ್ಲ. ನಿಂಗವ್ವ ಸೊಂಟದ ಮೇಲೆ ಕೈಯಿಟ್ಟು ನನ್ನನ್ನೇ ನೋಡುತ್ತಿದ್ದಳು. ನಾಚಿಕೆಯಿಂದ ನಾನು ಮುಖ ತಿರುಗಿಸಿದೆ.

ಅಷ್ಟರಲ್ಲಿ ಫೋನ್ ಬಂತು, ಅವಳ ಅಕ್ಕನದು. ನಿಂಗವ್ವ ಬಹಳ ಹೊತ್ತು ಕೇಳಿದಳು.

"ಅಕ್ಕನ ರಾಶಿ ಉಳೀತಂತ. ಮಗ್ಗಲದವರದು ಪೂರಾ ತೊಯ್ತಂತ, ಅವರು ಮುಚ್ಚಿರಲಿಲ್ಲ," ಎಂದಳು. ಫೋನನ್ನು ಸೊಸೆಗೆ ಕೊಟ್ಟು, "ಅಷ್ಟ ಎತ್ತರದಿಂದ ನೋಡಿದ್ದು. ಒಂದು ಕೆರಿ ಹಿಂದ ಮುಂದ ಆದ್ರ ತಪ್ಪಲ್ಲ ಬಿಡ್ರಿ," ಎಂದಳು.

ಉಪಗ್ರಹವನ್ನು ಹೊಗಳಲು ಇಷ್ಟು ಒಳ್ಳೆಯ ಮಾತು ನನಗೆ ತರಗತಿಯಲ್ಲಿ ಎಂದೂ ಹೊಳೆದಿರಲಿಲ್ಲ. "ಅದಕ್ಕ ಭಾಳ ಖರ್ಚು ಅಂತಾರಲ್ಲವ್ವಾ?" ಎಂದೆ.

"ಆಗಲಿ ತಗೋರಿ. ನಮ್ಮಕ್ಕ ವರ್ಷಪೂರ್ತಿ ದುಡದದ್ದು ಆ ರಾಶ್ಯಾಗ ಇತ್ತು." ಅವಳು ತಾಡಪಾಲಿನ ಕಲ್ಲು ತೆಗೆಯತೊಡಗಿದಳು. "ಇನ್ನೂ ಎರಡು ತಾಸು ಬಿಸಲೈತಿ. ಮಾತು ಕೊಟ್ಟೀರಿ, ಹರವ್ರಿ."

ಚಪ್ಪಲಿ ಬಿಟ್ಟು, ಪ್ಯಾಂಟು ಮಡಚಿ ಹರವಿದೆ. ಬೆನ್ನು ಹಿಡಿಯಿತು, ಮನಸ್ಸು ಮಾತ್ರ ಹಗುರಾಗಿತ್ತು.

ಐದೂವರೆಗೆ ಹಾನಗಲ್ ಬಸ್ಸು ಬಂತು. ಹತ್ತಿದರೆ, ಅದೇ ವ್ಯಾಪಾರಿ ಕೆಲಸ ಮುಗಿಸಿ ತಿಳವಳ್ಳಿಗೆ ಹೊರಟಿದ್ದರು. ಕಿಟಕಿಯಿಂದ ಒಣ ರಸ್ತೆಯನ್ನೂ ಹರವಿದ ಕಾಳನ್ನೂ ನೋಡಿ ಮೀಸೆಯಲ್ಲೇ ನಕ್ಕರು.

"ಏನ್ ಮಾಸ್ತರ, ಬಂತೇನ್ರಿ ನಿಮ್ಮ ಮಳಿ?"

ಹಿಂದೆ ತಿರುಗಿ ನೋಡಿದೆ. ನಿಂಗವ್ವ ಮತ್ತೊಂದು ಕಾಳು ಕಚ್ಚುತ್ತಿದ್ದಳು.

"ಬಂತ್ರಿ," ಎಂದೆ. "ಅವರ ಅಕ್ಕನ ಊರಿಗೆ ಬಂತು. ಹೇಳಿ ಬಂತು."