ಸಂಚಗಾರ ಹಿಡಿದ ಸಿನಿಮಾ

ನಮ್ಮಪ್ಪನ ತಲಿ ಒಡೆದದ್ದು ಹರಪನಹಳ್ಳಿ ಕುರಿ ಸಂತ್ಯಾಗ. ನಾನು ಬುತ್ತಿ ತಗೊಂಡು ಹೋಗಿದ್ದೆ, ಪಕ್ಕದಾಗ ನಿಂತಿದ್ದೆ. ಮಾರಾಕ ತಂದಿದ್ದ ಒಂದು ಟಗರಿಗೆ ಅಪ್ಪ ಕೊಟ್ಟೂರು ಕಡಿಯ ಒಬ್ಬ ಬಡಪಾಯಿ ಹತ್ರ ಸಂಚಗಾರ ಹಿಡಿದಿದ್ದ. ಸಂಚಗಾರ ಅಂದ್ರ ಮುಂಗಡ. ಟವಲ್ ಕೆಳಗ ಬೆರಳು ಹಿಡಿದು ರೇಟು ಮುಗಿಸಿ, ಕೈಯಾಗ ಏನರ ಒಂದಿಷ್ಟು ಇಟ್ಟರ ಮುಗೀತು, ಆ ಟಗರು ರೊಕ್ಕ ಕೊಟ್ಟವನದು. ಆಮ್ಯಾಲೆ ಇನ್ನೊಬ್ಬ ಅದನ್ನ ಕೇಳಂಗಿಲ್ಲ, ಮಾರೋನೂ ತೋರಿಸಂಗಿಲ್ಲ.

ಅಷ್ಟರಾಗ ಒಬ್ಬ ದೊಡ್ಡ ವ್ಯಾಪಾರಿ ಬಂದ. "ಯಾವನ ಸಂಚಗಾರಲೇ ಅದು? ಅವಗ ವಾಪಸ್ ಒಗಿ, ನಾ ಜಾಸ್ತಿ ಕೊಡ್ತೀನಿ" ಅಂದ. "ಮಾತು ಆಗೇತ್ರಿ" ಅಂದ ಅಪ್ಪ. ಹಗ್ಗ ಕಸಗೊಳ್ಳಾಕ ಬಂದ, ಅಪ್ಪ ಬಿಡಲಿಲ್ಲ. ಆ ಹಲ್ಕಟ್ಟ ಬಡಿಗಿ ಎತ್ತಿ ಕಿವಿ ಮ್ಯಾಲೆ ಬಾರಿಸಿದ. ಇನ್ನೊಂದು ಏಟಿಗೆ ಅಪ್ಪ ಮಕಾಡಿ ಬಿದ್ದ. ರಕ್ತ ಕುರಿ ಹಿಕ್ಕಿ ಮ್ಯಾಲೆ ಹರದು ಕಪ್ಪಾತು. ನಾನು ಹೋಗಿ ಅವನ ಮುಂಗೈ ಕಚ್ಚಿದೆ, ಚರ್ಮ ಕಿತ್ತು ಬಾಯಾಗ ಬಂತು. ಅಪ್ಪ ದಾವಣಗೆರಿ ದವಾಖಾನಿ ಮುಟ್ಟಲಿಲ್ಲ. ಕೋರ್ಟಿನಾಗ ಸಾಕ್ಷಿ ಹೇಳಾಕ ಒಬ್ಬನೂ ಬಾಯಿ ಬಿಡಲಿಲ್ಲ. ನಾನು ಹೇಳಿದೆ, ಸಣ್ಣ ಹುಡುಗಿ ಅಂತ ನನ್ನ ಮಾತು ಬಿಟ್ಟುಬಿಟ್ರು. ಕೊಂದಾವ ಮೀಸಿ ತಿರುವಿಕೋತ ಹೊರಗ ಬಂದ.

ನಮ್ಮಣ್ಣಗ ಅದು ಹೊಟ್ಟ್ಯಾಗಿನ ಬೆಂಕಿ. ಕೂಡ್ಲಿಗ್ಯಾಗ ಮದುವಿ ವಿಡಿಯೊ ತೆಗೀತಿದ್ದ, ಆದ್ರ ತಲ್ಯಾಗ ಒಂದ ವಿಚಾರ: ಅಪ್ಪನ ಸಾವನ್ನ ಸಿನಿಮಾ ಮಾಡಬೇಕು. "ಕೋರ್ಟು ಕೇಳಲಿಲ್ಲ, ಜಗತ್ತು ನೋಡ್ಲಿ" ಅಂತಿದ್ದ. ವರ್ಷಗಟ್ಲೆ ಬರದ, ಹರದ, ಮತ್ತ ಬರದ. ಅಣ್ಣ ಬರದದ್ದು ಓದಿ ಹೇಳೋ ಮುಂದ ಅವ್ವ ಸೆರಗು ಬಾಯಾಗ ತುರುಕಿಕೊಂಡು ಕೇಳ್ತಿದ್ಲು.

ರೊಕ್ಕ ಯಾರು ಹಾಕ್ತಾರ? ಹಗರಿಬೊಮ್ಮನಹಳ್ಳ್ಯಾಗ ಶೇಂಗಾ ಮಿಲ್ಲಿನ ಸಾವ್ಕಾರ ಒಬ್ಬ ಇದ್ದ. ಮನಷಾ ಅಂದ್ರ ಸಿಟ್ಟಿನ ಮುದ್ದಿ. ಹಮಾಲರ ಮ್ಯಾಲೆ ಕೈ ಎತ್ತಾಂವ, ಒಮ್ಮೆ ಲಾರಿ ಡ್ರೈವರನ್ನ ಮಿಲ್ಲಿನ ಗೇಟಿಗೆ ಒತ್ತಿ ಹಲ್ಲು ಉದುರಿಸಿದ್ದ. ಅಂಥಾವ ನಮ್ಮಪ್ಪನ ಕಥಿ ಕೇಳಿ ಗಳಗಳ ಅತ್ತ. "ನಾ ಅದೀನಿ, ಮಾಡು" ಅಂತ ಎಲಿ ಅಡಿಕಿ ಜೊತಿಗೆ ಸಂಚಗಾರ ಇಟ್ಟ. ಅಣ್ಣ ಎರಡೂ ಕೈಯಾಗ ಹಿಡಿದು ಕಣ್ಣಿಗೆ ಒತ್ತಿಕೊಂಡ. ನಾನೂ ಅವ್ವನೂ ನೋಡಿದ್ವಿ.

ಆದ್ರ ಒಬ್ಬ ಸಾವ್ಕಾರನ ರೊಕ್ಕದಾಗ ಪೂರಾ ಸಿನಿಮಾ ಆಗಂಗಿರಲಿಲ್ಲ. ಗೋವಾದಾಗ ಸಿನಿಮಾ ಸಂತಿ ಕೂಡ್ತದ, ಬ್ಯಾರೆ ದೇಶದವರು ಪಾಲು ಹಾಕಾಕ ಬರ್ತಾರ ಅಂತ ಗೊತ್ತಾತು. ಅಣ್ಣ ಕಥಿ ಕಳಿಸಿದ, ಅದನ್ನ ಆರಿಸಿ ಕರದ್ರು. ನಾನು ಇಂಗ್ಲಿಷ್ ಟೀಚರು. ಅವನ ಮಾತು ತಿರುವಿ ಹೇಳಾಕ ನಾನೂ ಹೊಂಟೆ.

ಅಲ್ಲಿ ಕುರಿ ಇಲ್ಲ, ಟವಲ್ ಇಲ್ಲ, ಏಸಿ ಹಾಕಿದ ದೊಡ್ಡ ಹಾಲ್. ಒಂದೊಂದು ಸಿನಿಮಾಕ್ಕ ಒಂದೊಂದು ಟೇಬಲ್ಲು. ರೊಕ್ಕದವರು ಒಬ್ಬೊಬ್ಬರಾಗಿ ಎದುರಿಗೆ ಬಂದು ಕುಂದರ್ತಾರ, ಕಥಿ ಕೇಳ್ತಾರ, "ನಿಮ್ಮ ಊರಿಂದ ಎಷ್ಟು ಪಾಲು ತಂದೀರಿ?" ಅಂತಾರ, ಹೊತ್ತು ಮುಗೀತಂದ್ರ ಮುಂದಿನ ಟೇಬಲ್ಲಿಗೆ ಎದ್ದು ಹೋಗ್ತಾರ. ಪೂರಾ ಸಿನಿಮಾ ಯಾರೂ ಕೊಳ್ಳಂಗಿಲ್ಲ. ಒಬ್ಬ ತನ್ನ ಸರ್ಕಾರದ ನಿಧಿ ತರ್ತಾನ, ಅದನ್ನ ತನ್ನ ದೇಶದಾಗ ಶಬ್ದಕ್ಕೋ ಎಡಿಟಿಂಗಿಗೋ ಖರ್ಚು ಮಾಡಬೇಕು ಅಂತಾನ. ಇನ್ನೊಬ್ಬ ತನ್ನ ಸೀಮಿಯೊಳಗ ತೋರಿಸೋ ಹಕ್ಕು ಕೇಳ್ತಾನ. ಎಲ್ಲಾರ ಪಾಲೂ ಹೊಂದಿಕೆ ಆದ್ರ ಸಿನಿಮಾ ಏಳ್ತದ.

ಒಬ್ಬಾಕಿ ಫ್ರಾನ್ಸಿನ ಹೆಣ್ಣಮಗಳು ಕಥಿ ಕೇಳಾಕ ಕುಂತಳು. ಅಪ್ಪ ಹಗ್ಗ ಬಿಡದ ಜಾಗಕ್ಕ ಬಂದಾಗ ಆಕಿ ಕಣ್ಣು ಒದ್ದಿ ಆದ್ವು. ಮರುದಿನ ಬೊಂಬಾಯಿಯ ಒಬ್ಬ ನಿರ್ಮಾಪಕನ್ನ ಕರಕೊಂಡು ಬಂದ್ಲು. "ನಾನು ಪಾಲು ಹಾಕ್ತೀನಿ. ಆದ್ರ ಶೇಂಗಾ ಮಿಲ್ಲಿನಾತಗ ಸಿನಿಮಾ ಮಾಡಿದ ಅನುಭವ ಇಲ್ಲ, ನಮ್ಮ ನಿಧಿಯವರು ಒಪ್ಪಂಗಿಲ್ಲ. ಆತನ ಜಾಗಕ್ಕ ಇವರು ಬರ್ತಾರ" ಅಂದ್ಲು. ತಪ್ಪಂತ ಆಕಿಗೆ ಅನ್ನಿಸಲೇ ಇಲ್ಲ. ಅಲ್ಲಿ ಸಹಿ ಬೀಳೋ ತನಕ ಮಾತು ಅಂದ್ರ ಬರೇ ಮಾತು.

ನಾನು ಅಣ್ಣಗ ಕನ್ನಡದಾಗ ಹೇಳಿದೆ. "ಸಾವ್ಕಾರಗ ಫೋನ್ ಮಾಡು, ಆತನ್ನ ಕೇಳು. ಸಣ್ಣ ಪಾಲಿಗೆ ಒಪ್ಪಿದ್ರ ಒಪ್ಪತಾನ. ಸಂಚಗಾರ ಹಿಡದೀಯಲ್ಲೋ!"

"ಆತಗ ಇದೆಲ್ಲ ತಿಳಿಯಂಗಿಲ್ಲ ಸುಮ್ನಿರು" ಅಂದ. "ಆಗ್ಲಿ ಅಂತ ಹೇಳು ಆಕಿಗೆ."

ಹೇಳಂಗಿಲ್ಲ ಅಂದೆ. ಅಣ್ಣ ನನ್ನ ಕಡಿ ಒಮ್ಮೆ ನೋಡಿ, ತಾನ ಅಂದ: "ಯೆಸ್ ಮೇಡಂ."

ಅವರು ಎದ್ದು ಹೋದ ಮ್ಯಾಲೆ ಅವನ ಕೆನ್ನಿಗೆ ಬಾರಿಸಿದೆ. ಟೇಬಲ್ಲಿನ ನೀರಿನ ಗ್ಲಾಸು ಬಿದ್ದು ಚೂರಾತು, ಸೂಟಿನವರೆಲ್ಲ ತಿರುಗಿ ನೋಡಿದ್ರು. ನೋಡ್ಲಿ ಬಿಡು! ಅಪ್ಪನ್ನ ಯಾಕ ಕೊಂದ್ರು ಅಂತ ಇಷ್ಟು ದಿನ ಬರದಾವ ಇವನ ಏನು ಅಂತ ಮೈಯೆಲ್ಲ ಉರೀತಿತ್ತು. "ಸಿನಿಮಾ ಆಗಬೇಕೋ ಬ್ಯಾಡೋ?" ಅಂದ ಅಣ್ಣ, ಕೆನ್ನಿ ಹಿಡಕೊಂಡು. ಮಾತು ಮುರಿದದ್ದು ಅವಗೂ ಗೊತ್ತಿತ್ತು.

ಊರಿಗೆ ಬಂದು ಅವ್ವಗ ಎಲ್ಲಾ ಹೇಳಿದೆ. ಅವ್ವ ಚಪ್ಪಲಿ ಮೆಟ್ಟಿದಳು. "ನಡೀರಿ, ಸಾವ್ಕಾರನ ಸಂಚಗಾರ ವಾಪಸ್ ಕೊಟ್ಟ ಬರೂಣು" ಅಂದ್ಲು. ಮೂರೂ ಮಂದಿ ಬಸ್ ಹತ್ತಿ ಹಗರಿಬೊಮ್ಮನಹಳ್ಳಿಗೆ ಹೋದ್ವಿ.

ಸಾವ್ಕಾರ ಮಿಲ್ಲಿನ ಅಂಗಳದಾಗ ಶೇಂಗಾ ತೂಗಿಸ್ತಿದ್ದ. ಅಣ್ಣ ಎಲ್ಲಾ ಹೇಳಿ ಸಂಚಗಾರ ಮುಂದ ಚಾಚಿದ. ಸಾವ್ಕಾರನ ಮಾರಿ ಕೆಂಪಗಾತು. "ಲೇ ಭಾಡ್ಕಾವ್, ಅಡಿಕಿ ತಿಂದು ಹೋದವ ನನ್ನ ಸ್ವತ್ತು ಇನ್ನೊಬ್ಬಗ ಮಾರಿದೇನಲೇ?" ಅಂತ ಅಂಗಿ ಹಿಡಿದು ಎಳದ, ಎದಿಗೆ ಒದ್ದ. ಅಣ್ಣ ಚೀಲದ ಮ್ಯಾಲೆ ಬಿದ್ದ, ತುಟಿ ಒಡದು ರಕ್ತ ಗದ್ದಕ್ಕ ಇಳೀತು. ಸಾವ್ಕಾರ ಗ್ವಾಡಿಗೆ ಆನಿಸಿದ್ದ ಬಡಿಗಿ ತಗೊಂಡ. ನಾನು ಅಡ್ಡ ಹೋದೆ, ಹಮಾಲರು ನನ್ನ ರಟ್ಟಿ ಹಿಡದ್ರು. ಬಡಿಗಿ ಮ್ಯಾಲೆ ಎತ್ತಿದಾಂವ ಅವ್ವನ ಕಡಿ ನೋಡಿದ. ಆ ಸಿಟ್ಟಿನ್ಯಾಗೂ ಕೇಳಿದ: "ನೀನ ಹೇಳು ಯವ್ವಾ. ನಿನ್ನ ಮಗ. ಹೊಡೀಲೋ, ಬಿಡ್ಲೋ?"

ಅವ್ವ ಮಗನ ಹತ್ರ ಹೋಗಲಿಲ್ಲ. ನಿಂತಲ್ಲಿಂದಾನ ಅಂದ್ಲು: "ಬ್ಯಾಡ್ರಿ ಸಾವ್ಕಾರ್ರ. ಆ ಏಟು ಮಾತು ಉಳಿಸಿಕೊಂಡ ಇವರಪ್ಪಗ ಬಿದ್ದದ್ದು. ಇವಗ ಅದು ಯಾಕ?"

ಸಾವ್ಕಾರ ಬಡಿಗಿ ಒಗದ. ಅಣ್ಣ ಮೊಣಕಾಲ ಮ್ಯಾಲೆ ತೆವಳಿಕೋತ ಹೋಗಿ ಅದನ್ನ ಎತ್ತಿ ಸಾವ್ಕಾರನ ಕೈಗೆ ಕೊಟ್ಟ. "ಹೊಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ, ಒಂದ ಏಟು ಹೊಡೀರಿ" ಅಂತ ಹಸುಗೂಸಿನಂಗ ಅತ್ತ. ಸಾವ್ಕಾರ ಕೈ ಹಿಂದಕ್ಕ ತಗೊಂಡು ಒಳಗ ಹೋದ. ಅಣ್ಣ ಬಡಿಗಿ ತಗೊಂಡು ಅವ್ವನ ಮುಂದ ಹಿಡಿದ. ಅವ್ವ ಅದನ್ನ ಮುಟ್ಟಲಿಲ್ಲ.

ಬೊಂಬಾಯಿಯಿಂದ ಆಮ್ಯಾಲೆ ಭಾಳ ಸಲ ಫೋನ್ ಬಂತು, ಅಣ್ಣ ಎತ್ತಲಿಲ್ಲ. ಆ ಸಿನಿಮಾ ಆಗಲಿಲ್ಲ. ಅವ್ವ ಸಾಯೋ ತನಕ ಅಣ್ಣನ ಕೈಯಾಗಿನ ಊಟ ಉಂಡಳು, ಅವನ ಮನ್ಯಾಗ ಇದ್ಲು, ಆದ್ರ ಅಪ್ಪನ ಹೆಸರು ಅವನ ಮುಂದ ಒಮ್ಮೆಯೂ ಎತ್ತಲಿಲ್ಲ.